ತಮೋರೆ ಕೂತ ಕುರ್ಚಿ

ನಮ್ಮೂರಿನಲ್ಲಿ ಕುರ್ಚಿ ಬಾಡಿಗೆಗೆ ಕೊಡುವ ಕಸುಬು ನೀವು ಅಂದುಕೊಂಡಷ್ಟು ಸಲೀಸಲ್ಲ. ಬೇರೆ ಊರುಗಳ ಶಾಮಿಯಾನದವರಿಗೆ ಮಳೆಯ ಭಯ, ಗಾಳಿಯ ಭಯ, ಉಂಡ ಕೈಯನ್ನು ಕುರ್ಚಿಯ ಬೆನ್ನಿಗೆ ಒರೆಸಿ ಎದ್ದುಹೋಗುವ ಬೀಗರ ಭಯ. ನನಗೆ ಇವೆಲ್ಲದರ ಮೇಲೆ ಅತಿಥಿಗಳ ಯೋಚನೆ. ಸಮುದ್ರದಾಚೆ ಎಲ್ಲೋ, ಹೆಸರು ಕೂಡ ನಾಲಿಗೆಗೆ ಹೊರಳದ ದೇಶದಲ್ಲಿ, ತಮ್ಮ ಕಾಡನ್ನೋ ಹೊಳೆಯನ್ನೋ ಉಳಿಸಿಕೊಳ್ಳಲು ನಿಂತವರನ್ನು ಅಲ್ಲಿನ ಸರ್ಕಾರವೂ ಕಂಪನಿಯೂ ಸೇರಿ ಮುಗಿಸಿದರೆ, ಅವರು ಬಂದು ನಮ್ಮೂರಿನ ಯಾವುದಾದರೂ ಕುರ್ಚಿಯ ಮೇಲೆ ಕೂರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ. ಆ ಕುರ್ಚಿ ಮಾತ್ರ ಎಷ್ಟು ಜನ ಹಿಡಿದರೂ ಅಲ್ಲಾಡುವುದಿಲ್ಲ. ನಮ್ಮೂರೇ ಯಾಕೆ ಅಂತ ಕೇಳಬೇಡಿ. ನಮ್ಮಜ್ಜಿಯನ್ನು ನಾನೂ ಕೇಳಿದ್ದೆ. ‘ಕೂರೋಕೆ ಎಲ್ಲಾದ್ರೂ ಒಂದ್ ಜಾಗ ಬೇಕಲ್ವೇನೇ?’ ಅಂದಿದ್ದಳು.

ಕ್ಷೌರದಂಗಡಿಯ ತಿರುಗುವ ಕುರ್ಚಿಗೆ ಒಮ್ಮೆ ಕಾಡು ಕಾಯುತ್ತಿದ್ದ ಒಬ್ಬ ಮುದುಕ ಬಂದು ಕೂತ. ಆ ಬೇಸಿಗೆಯಿಡೀ ಊರಿನ ಗಂಡಸರು ನೆಲದ ಮೇಲೆ ಚಕ್ಕಲಮಕ್ಕಲ ಹಾಕಿ ತಲೆ ಕೊಟ್ಟರು. ಬ್ಯಾಂಕಿನ ಮ್ಯಾನೇಜರ ಕುರ್ಚಿಗೆ ಒಬ್ಬಳು ಪತ್ರಕರ್ತೆ ಬಂದಾಗ, ಹೊರಗಿನಿಂದ ಬಂದಿದ್ದ ಆ ಮ್ಯಾನೇಜರು ಗೋಡೆಗೆ ಒರಗಿ ನಿಂತು ಸಹಿ ಹಾಕೀ ಹಾಕೀ ಸಾಕಾಗಿ ವರ್ಗ ಮಾಡಿಸಿಕೊಂಡು ಹೋದರು. ನಮಗೆ ಅಂಥ ಬಿಗುಮಾನ ಇಲ್ಲ. ಅತಿಥಿ ಮೇಲೆ ಕೂತರೆ ನಾವು ಚಾಪೆ ಹಾಸಿಕೊಂಡು ಕೆಳಗೆ ಕೂರುತ್ತೇವೆ, ಅಷ್ಟೇ.

ಬಂದವರು ಯಾರು ಅಂತ ತಿಳಿಯುವುದಕ್ಕೂ ಒಂದು ಕ್ರಮ ಇದೆ. ಕುರ್ಚಿಯ ಮೇಲೆ ಅಂಗೈ ಇಟ್ಟರೆ ಇಟ್ಟವರಿಗೆ ಒಂದು ಚೂರು ಸಿಗುತ್ತದೆ. ಒಬ್ಬರಿಗೆ ವಾಸನೆ, ಇನ್ನೊಬ್ಬರಿಗೆ ಒಂದು ಮುಖ, ಮತ್ತೊಬ್ಬರಿಗೆ ಯಾವುದೋ ಮಾತು. ಭಾಷೆ ಬೇರೆಯಾದರೂ ಅರ್ಥ ಕೈಗೆ ಬರುತ್ತದೆ. ಎಲ್ಲರೂ ತಮಗೆ ಸಿಕ್ಕ ಚೂರು ತಂದು ಜೋಡಿಸಿದರೆ ಒಂದು ಜೀವದ ಕಥೆ ಆಗುತ್ತದೆ. ಕೈಗೆ ಬಂದಷ್ಟನ್ನೇ ಬಾಯಿಂದ ಆಡಬೇಕು, ಒಂದು ಸಾಸಿವೆಯಷ್ಟೂ ಸೇರಿಸಬಾರದು ಅನ್ನುವುದು ನಮ್ಮೂರಿನ ಕಟ್ಟಳೆ. ಆ ಕಥೆಯನ್ನು ಹೊರಗಿನ ಜನಕ್ಕೆ ಹೇಳಬೇಕು. ಒಬ್ಬೊಬ್ಬರು ಕೇಳಿ ತಿಳಿದುಕೊಂಡ ಹಾಗೆ ಕುರ್ಚಿ ಇಷ್ಟಿಷ್ಟೇ ಹಗುರಾಗುತ್ತದೆ. ಮೊಬೈಲಿನಲ್ಲಿ ಫಾರ್ವರ್ಡ್ ಮಾಡಿ ನೋಡಿದ್ದೇವೆ, ಕುರ್ಚಿ ಕಮಕ್ ಕಿಮಕ್ ಅನ್ನಲಿಲ್ಲ. ಮುಖ ನೋಡಿಯೇ ಹೇಳಬೇಕು. ಅದಕ್ಕೇ ನಮ್ಮೂರಿನಲ್ಲಿ ಬಸ್ಸು ನಿಂತರೆ ಕಡಲೆಕಾಯಿ ಮಾರುವವರ ಹಿಂದೆಯೇ ಕಥೆ ಹೇಳುವವರೂ ಹತ್ತುತ್ತಾರೆ.

ಹೇಳುವವರಲ್ಲಿ ದೊಡ್ಡ ಹೆಸರು ಗುರುಶಾಂತಪ್ಪ ಮೇಷ್ಟ್ರದು. ಸ್ಕೂಲಿನ ಮೇಷ್ಟ್ರಲ್ಲ, ನಾಟಕದ ಮೇಷ್ಟ್ರು. ಎಪ್ಪತ್ತು ದಾಟಿದರೂ ಕಂಠ ಮಾತ್ರ ಕಂಚು. ಅವರು ಬಸ್ಸಿನ ಮುಂದಿನ ಬಾಗಿಲಲ್ಲಿ ನಿಂತು ಬಾಯಿ ಬಿಟ್ಟರೆ ಹಿಂದಿನ ಸೀಟಿನಲ್ಲಿ ನಿದ್ದೆ ಹೊಡೆಯುವವನೂ ಎದ್ದು ಕೂರಬೇಕು. ಹೇಳುವವರು ಕುರ್ಚಿ ಮುಟ್ಟಬಾರದು, ಮುಟ್ಟಿದರೆ ತಮ್ಮದೇ ಚೂರು ದೊಡ್ಡದಾಗಿ ಕಾಣುತ್ತದೆ ಅಂತ ಒಂದು ರೂಢಿ. ಮೇಷ್ಟ್ರು ಜೀವಮಾನದಲ್ಲಿ ಒಂದು ಸಲವೂ ಮುಟ್ಟಿದವರಲ್ಲ. ಆ ಬಗ್ಗೆ ಅವರಿಗೆ ಜಂಬವೂ ಇತ್ತು. ಜಂಬಪಡಲಿ ಬಿಡಿ, ಅವರ ಬಾಯಿಂದ ಎಷ್ಟೋ ಕುರ್ಚಿಗಳು ಹಗುರಾಗಿದ್ದವು.

ತಮೋರೆ ಬಂದದ್ದು ನನ್ನದೇ ಕುರ್ಚಿಗೆ. ಬಸ್ ನಿಲ್ದಾಣದ ಅಂಗಳದಲ್ಲಿ ಯಾರದೋ ಮಗುವಿನ ನಾಮಕರಣ ಮುಗಿದು, ನನ್ನ ಜೊತೆ ವರ್ಷಗಳಿಂದ ದುಡಿಯುತ್ತಿರುವ ದಸ್ತಗೀರ ಕುರ್ಚಿಗಳನ್ನು ಒಂದರೊಳಗೊಂದು ಪೇರಿಸುತ್ತಿದ್ದ. ಇದ್ದಕ್ಕಿದ್ದಂತೆ ನಿಂತ.

“ಹೊನ್ನಕ್ಕಾ, ಒಂದ್ ಕುರ್ಚಿ ಬರ್ತಾ ಇಲ್ಲ.”

“ಪಾಯಸ ಹೆಚ್ಚಾಯ್ತೇನೋ ನಿಂಗೆ. ಎತ್ತು ಜೋರಾಗಿ.”

“ಇಲ್ಲಕ್ಕಾ.” ಅವನು ಆಗಲೇ ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಕೈಯಲ್ಲಿ ಹಿಡಿದಿದ್ದ. “ಯಾರೋ ಬಂದವ್ರೆ.”

ಕೆಂಪು ಪ್ಲಾಸ್ಟಿಕ್ ಕುರ್ಚಿ. ಸರಿಯಾಗಿ ಬಸ್ಸುಗಳು ತಿರುಗುವ ಜಾಗದಲ್ಲಿ. ಡ್ರೈವರುಗಳು ಗೊಣಗುತ್ತ ಸುತ್ತುಹಾಕಿ ತಿರುಗಿಸತೊಡಗಿದರು. ನಾನು ನನ್ನ ಕಸುಬಿಗೆ ತಕ್ಕ ಮರ್ಯಾದೆ ಮಾಡಿದೆ. ನಾಲ್ಕು ಕಂಬ ನೆಟ್ಟು, ಇದ್ದುದರಲ್ಲಿ ಹೊಸದಾದ ಶಾಮಿಯಾನ ಕಟ್ಟಿಸಿ, ಸುತ್ತ ಜಮಖಾನ ಹಾಸಿಸಿದೆ.

ಮೊದಲು ಕೈಯಿಟ್ಟವನು ದಸ್ತಗೀರನೇ. “ತೋಳು ಜಗ್ತಾ ಇದೆ ಅಕ್ಕಾ. ಲೋಡ್ ಎತ್ತಿದ ನೋವಲ್ಲ ಇದು. ಎಳೆದ ನೋವು. ಈಕೆ ದೋಣಿ ನಡ್ಸೋಳು” ಅಂದ. ಹೂವಿನ ಸಣ್ಣಮ್ಮ ಕೈಯಿಟ್ಟು ಮೂಗು ಮುಚ್ಚಿಕೊಂಡಳು. ಕೊನೆ ಕಾಣದ ಒಂದು ಕೆರೆ, ಔಷಧಿಯ ವಾಸನೆ, ಹೊಟ್ಟೆ ಮೇಲೆ ಮಾಡಿ ತೇಲುವ ಮೀನು. ನನಗೆ ಸಿಕ್ಕಿದ್ದು ಒಂದು ಕೂಗು. ಆಚೆ ದಡದಲ್ಲಿ ಪುಸ್ತಕದ ಚೀಲ ತಲೆ ಮೇಲಿಟ್ಟುಕೊಂಡು ನಿಂತ ಮಕ್ಕಳು, ದಾಟಿಸು ಬಾ ಅಂತ ‘ತಮೋರೇ... ತಮೋರೇ...’ ಎಂದು ಕರೆಯುತ್ತಿದ್ದವು. ಅದನ್ನು ಕೇಳಿ ನನಗೆ ಎದೆ ತುಂಬಿ ಬಂತು. ಅಷ್ಟು ದೂರದ ಹೆಂಗಸಿನ ಹೆಸರು ನಮ್ಮ ಬಸ್ ನಿಲ್ದಾಣದಲ್ಲಿ, ನನ್ನ ಕಿವಿಯಲ್ಲಿ!

ಸಂಜೆಯೊಳಗೆ ಉಳಿದ ಚೂರುಗಳೂ ಕೂಡಿಕೊಂಡವು. ಆ ಕೆರೆಯ ತಳದ ಮಣ್ಣಿನಲ್ಲಿ ಏನೋ ಲೋಹ ಇದೆ. ಕಂಪನಿ ಅದನ್ನು ಬಗೆದು ಹೊಲಸನ್ನು ನೀರಿಗೇ ಬಿಡುತ್ತದೆ. ತಮೋರೆ ತನ್ನ ದೋಣಿಯಲ್ಲಿ ಸತ್ತ ಮೀನು ತುಂಬಿಕೊಂಡು ಹೋಗಿ ಕಚೇರಿಯ ಬಾಗಿಲಿಗೆ ಸುರಿದು ಬಂದವಳು. ಒಂದು ಮುಂಜಾನೆ ದೋಣಿ ಕಟ್ಟುತ್ತಿದ್ದಾಗ ಹಸಿರು ವ್ಯಾನು ಬಂತು. ಒಂದೇ ಬಾಗಿಲಿಂದ ಇಬ್ಬರು ಇಳಿದರು. ಒಬ್ಬ ಪೊಲೀಸು, ಇನ್ನೊಬ್ಬ ಎದೆಗೆ ಕಂಪನಿಯ ಬಿಲ್ಲೆ ಹಾಕಿಕೊಂಡವನು. ಅವಳನ್ನು ಹಿಡಿಯುವ ಮೊದಲು ಇಬ್ಬರೂ ಒಂದೇ ಫ್ಲಾಸ್ಕಿನಿಂದ ಚಹಾ ಹಂಚಿಕೊಂಡು ಕುಡಿದರು. ಕುರ್ಚಿಯ ಮೇಲೆ ಕೈಯಿಟ್ಟು ಇದನ್ನು ಕಂಡ ನಮ್ಮ ಬಸ್ ಡ್ರೈವರು ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡ. ಬಿಲ್ಲೆಯ ಮೇಲೆ ಮೂರು ಕಣ್ಣಿನ ಗೂಬೆಯ ಚಿತ್ರ ಇತ್ತಂತೆ. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಗೂಬೆ ಮಾರ್ಕಿನ ಸೆಲ್ಲು ನಮ್ಮೆಲ್ಲರ ಮನೆಯ ಟಾರ್ಚಿನಲ್ಲೂ ಇತ್ತು.

ಅಲ್ಲಿಗೆ ನಿಂತಿತು. ವ್ಯಾನಿನ ಬಾಗಿಲು ಹಾಕಿದ ಮೇಲೆ ಏನಾಯಿತು ಅನ್ನುವ ಚೂರು ಯಾರ ಕೈಗೂ ಬರಲಿಲ್ಲ. ಅಷ್ಟರಲ್ಲಿ ಪೇಪರಿನ ಒಳಪುಟದಲ್ಲಿ ಒಂದು ಸುದ್ದಿ ಬಂತು. ದೋಣಿ ಮಗುಚಿ ತಮೋರೆ ಎಂಬಾಕೆ ಮುಳುಗಿ ತೀರಿಕೊಂಡಿದ್ದಾಳೆ, ಸರ್ಕಾರಕ್ಕೆ ದುಃಖವಾಗಿದೆ, ಕಂಪನಿಗೆ ಇನ್ನೂ ಹೆಚ್ಚಿನ ದುಃಖವಾಗಿದ್ದು ಕೆರೆಯ ದಡದಲ್ಲಿ ತನ್ನ ಖರ್ಚಿನಲ್ಲೇ ಅವಳದೊಂದು ಕಲ್ಲಿನ ವಿಗ್ರಹ ನಿಲ್ಲಿಸುತ್ತದೆ ಅಂತ.

“ನೋಡಿದ್ಯಾ ಹೊನ್ನಮ್ಮ, ಕೊನೇ ಅಂಕ ಸಿಕ್ತು” ಅಂದರು ಮೇಷ್ಟ್ರು. “ಮುಳುಗಿದ್ಲಂತೆ! ಮುಳುಗ್ಸಿದ್ರು ಅನ್ನು.”

ನಮಗೂ ಅದೇ ಸರಿ ಅನ್ನಿಸಿತು. ಅಲ್ಲಿಯವರೆಗೆ ಬಂದ ಅತಿಥಿಗಳೆಲ್ಲ ಸತ್ತವರೇ. ಸುಳ್ಳುಗಾರರು ಅವಳು ಹೇಗೆ ಸತ್ತಳು ಅನ್ನುವುದರಲ್ಲಿ ಮಾತ್ರ ಸುಳ್ಳು ಹೇಳುತ್ತಿದ್ದಾರೆ ಅಂದುಕೊಂಡೆವು, ಸತ್ತಳು ಅನ್ನುವುದನ್ನು ನಂಬಿಬಿಟ್ಟೆವು. ಸಣ್ಣಮ್ಮ ಸೇವಂತಿಗೆಯ ಹಾರ ತಂದು, ಫೋಟೋಕ್ಕೆ ಹಾಕುವ ಹಾಗೆ ಕುರ್ಚಿಯ ಬೆನ್ನಿಗೆ ಹಾಕಿದಳು. ಕುರ್ಚಿ ಕಿರ್ರ್ ಅಂದು ನಾಲ್ಕು ಕಾಲೂ ಟಾರಿನೊಳಕ್ಕೆ ಇಳಿದವು. ಬಿಸಿಲಿಗೆ ಟಾರು ಮೆತ್ತಗಾಗಿದೆ ಅಂದೆವು.

ಮೇಷ್ಟ್ರು ಆ ಸಲ ಹೇಳಿದ ಹಾಗೆ ಹಿಂದೆಂದೂ ಹೇಳಿರಲಿಲ್ಲ. ತಮೋರೆಯ ತಲೆಯನ್ನು ನೀರಿಗೆ ಅದುಮುವುದನ್ನು ಅವರು ಬರಿಗೈಯಲ್ಲಿ ತೋರಿಸಿದರೆ ಇಡೀ ಬಸ್ಸು ಉಸಿರು ಕಟ್ಟುತ್ತಿತ್ತು. ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದರು. ಕಂಡಕ್ಟರು ಸೀಟಿ ಊದುವುದನ್ನೇ ಮರೆಯುತ್ತಿದ್ದ. ಆಮೇಲೆ ಎಲ್ಲರೂ ಕಣ್ಣೊರೆಸಿ, ಬೋಂಡ ಕಟ್ಟಿಸಿಕೊಂಡು ಹೋಗುತ್ತಿದ್ದರು. ಕುರ್ಚಿ ಹಗುರಾಗಲಿಲ್ಲ. ದಿನಾ ಇನ್ನಷ್ಟು ಭಾರವಾಯಿತು. ಕಾಲುಗಳು ಅರ್ಧ ಹೂತುಹೋದವು, ನನ್ನ ಶಾಮಿಯಾನದ ಕಂಬಗಳು ಅದರ ಕಡೆಗೆ ವಾಲಿದವು. ಊರಿನಲ್ಲಿ ಗುಸುಗುಸು ಶುರುವಾಯಿತು. ಮೇಷ್ಟ್ರ ಗಂಟಲು ಹೋಯಿತು, ವಯಸ್ಸಾಯಿತು, ಬೇರೆಯವರು ಹೇಳಲಿ ಅಂತ.

ಒಂದು ಮಧ್ಯಾಹ್ನ ಮೇಷ್ಟ್ರು ನೇರ ಕುರ್ಚಿಯ ಮುಂದೆ ಬಂದು ನಿಂತರು. ನಾನು, ಸಣ್ಣಮ್ಮ, ದಸ್ತಗೀರ ಜಮಖಾನದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದೆವು. ನಮ್ಮನ್ನು ಅವರು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

“ಏನಮ್ಮಾ ತಾಯಿ, ನನ್ನ ಮಾತಲ್ಲಿ ಏನ್ ಕಮ್ಮಿ ಆಯ್ತು? ಸುತ್ತಮುತ್ತಲ ಊರೆಲ್ಲ ಅಳಿಸಿದ್ದೀನಿ ನಿಂಗೋಸ್ಕರ. ಇನ್ನೇನ್ ಬೇಕು ನಿಂಗೆ? ಹೇಳು!” ಅಂತ ಜಗಳಕ್ಕೇ ನಿಂತರು. ಸಿಟ್ಟಿನಲ್ಲಿ, ಒಣಗಿ ನೇತಾಡುತ್ತಿದ್ದ ಹಾರವನ್ನು ಕಿತ್ತು ತೆಗೆಯಲು ಕೈ ಹಾಕಿದರು. ಅಂಗೈ ಕುರ್ಚಿಯ ಬೆನ್ನಿಗೆ ತಗುಲಿತು.

ಮೇಷ್ಟ್ರು ಹಾಗೇ ನಿಂತುಬಿಟ್ಟರು. ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಇಳಿಯಿತು.

“ನೀರು ಕುಡಿದ್ಲು” ಅಂದರು.

“ಯಾರು?”

“ಇವಳು. ಈಗ. ಈಗ ಕುಡೀತಾ ಇದ್ದಾಳೆ. ತಗಡಿನ ಲೋಟ. ಗಂಟಲಲ್ಲಿ ಇಳೀತಾ ಇದೆ ನೋಡು.”

ನಮ್ಮೂರಿನಲ್ಲಿ ಕುರ್ಚಿ ಮುಟ್ಟಿದವರಿಗೆ ಆಗಿಹೋದದ್ದು ಸಿಗುತ್ತಿತ್ತೇ ಹೊರತು ಆಗುತ್ತಿರುವುದು ಎಂದೂ ಸಿಕ್ಕಿರಲಿಲ್ಲ. ನಾವು ಮೂವರೂ ಎದ್ದು ಕೈಯಿಟ್ಟೆವು. ನನಗೆ ಒದ್ದೆ ಗೋಡೆಯ ತಂಪು ತಗುಲಿತು. ದಸ್ತಗೀರನಿಗೆ ಕೆಮ್ಮು ಬಂತು, ಅವನದಲ್ಲದ ಕೆಮ್ಮು. ಸಣ್ಣಮ್ಮ ಮಾತ್ರ ಬಾಗಿಲಿಗೆ ಕಿವಿ ಕೊಟ್ಟವಳಂತೆ ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಿದ್ದಳು.

“ಹೊರಗಡೆ ಇಬ್ರು ಮಾತಾಡ್ತವ್ರೆ. ಅದೇ ಚಾ ಕುಡಿದೋರು. ಎಲ್ಲಾರೂ ಅತ್ತು ಸುಮ್ಕಾದ್ರು, ವಿಗ್ರಹ ನಿಲ್ಸಿದ ದಿನ ಇವಳ ಲೆಕ್ಕಾನೂ ಮುಗಿಸ್ಬುಡಾನ ಅಂತವ್ರೆ. ಸತ್ತೋಳು ಅಂತ ಜಗತ್ತೇ ಒಪ್ಕೊಂಡ್ ಮ್ಯಾಗೆ ಕೇಳೋರ್ ಯಾರು ಅಂತವ್ರೆ.” ಅವಳು ಮೇಷ್ಟ್ರ ಕೈಯಿಂದ ಹಾರ ಕಿತ್ತುಕೊಂಡು ಎದೆಗೆ ಅವುಚಿಕೊಂಡಳು. “ಬದುಕಿರೋಳಿಗೆ ಹಾಕ್ಬುಟ್ನಲ್ಲಾ ಶಿವನೇ!”

ಮೇಷ್ಟ್ರು ಜಮಖಾನದ ಮೇಲೆ ಕುಸಿದು ಕೂತರು. ಅವಳು ಸತ್ತಳು ಅಂತ ಆ ಇಬ್ಬರು ಹೇಳುತ್ತಿದ್ದ ಮಾತನ್ನೇ ಅವರು ಕಂಚಿನ ಕಂಠದಲ್ಲಿ ಊರೂರಿಗೆ ಹೇಳಿ ಕಳಿಸಿದ್ದರು. ನಾನು ಸಮಾಧಾನ ಮಾಡಲು ಹೋಗಲಿಲ್ಲ, ಸಮಾಧಾನ ಮಾಡುವ ಹೊತ್ತು ಅದಾಗಿರಲಿಲ್ಲ. ಅಷ್ಟರಲ್ಲಿ ಒಂದು ಬಸ್ಸು ಬಂದು ನಿಂತಿತು. ಮೇಷ್ಟ್ರು ನನ್ನ ಹೆಗಲು ಹಿಡಿದು ಎದ್ದರು, ಇಬ್ಬರೂ ಬಸ್ಸು ಹತ್ತಿದೆವು.

ಅದು ದಿನದ ಬಸ್ಸು, ಅದೇ ಜನ. ಮೇಷ್ಟ್ರು ಬಾಗಿಲಲ್ಲಿ ನಿಂತ ಕೂಡಲೇ ಹೆಂಗಸರು ಸೆರಗು ಹುಡುಕಿಕೊಂಡರು.

“ನಾನು ಹೇಳಿದ್ದು ಸುಳ್ಳು” ಅಂದರು ಮೇಷ್ಟ್ರು. “ತಮೋರೆ ಸತ್ತಿಲ್ಲ. ಪೇಪರಲ್ಲಿದ್ದಿದ್ದನ್ನ ನಾನು ಕಥೆಗೆ ಸೇರಿಸ್ದೆ. ಅವಳು ಬದುಕಿದ್ದಾಳೆ.”

ಬಟ್ಟೆ ವ್ಯಾಪಾರದವನೊಬ್ಬ ಹೋ ಅಂತ ನಕ್ಕ. “ನಾಟಕದಲ್ಲಿ ಹಂಗೇ ಅಲ್ವ್ರಾ ಮೇಷ್ಟ್ರೇ? ಪರದೆ ಬಿದ್ ಮೇಲೆ ಸತ್ತೋರೆಲ್ಲ ಹಿಂದ್ಗಡೆ ಬೀಡಿ ಸೇದ್ತಿರ್ತಾರೆ!”

ಬಸ್ಸೆಲ್ಲ ನಕ್ಕಿತು. ನನಗೆ ಅವನ ಬಟ್ಟೆಗಂಟಿಗೇ ಬೆಂಕಿ ಹಚ್ಚುವಷ್ಟು ಸಿಟ್ಟು ಬಂತು. ಮೇಷ್ಟ್ರು ನಗುವಷ್ಟೂ ನಗಲಿ ಅಂತ ಕಾದರು. ಆಮೇಲೆ ಕೈಗೆ ಬಂದ ಚೂರುಗಳನ್ನಷ್ಟೇ ಹೇಳಿದರು. ಹುಟ್ಟು ಹಾಕುವ ತೋಳು, ಆಚೆ ದಡದ ಮಕ್ಕಳು, ವ್ಯಾನು, ಫ್ಲಾಸ್ಕು, ಗೂಬೆಯ ಬಿಲ್ಲೆ, ತಗಡಿನ ಲೋಟ. ರಾಗ ಇಲ್ಲ, ಅಭಿನಯ ಇಲ್ಲ. ಅಂಗಡಿಯಲ್ಲಿ ಸಾಮಾನು ಕೇಳುವವರ ಹಾಗೆ ಸಪ್ಪೆಯಾಗಿ ಹೇಳಿ ನಿಲ್ಲಿಸಿದರು. ಕಥೆಗೆ ಕೊನೆ ಇರಲಿಲ್ಲ. ಯಾರೂ ಅಳಲಿಲ್ಲ. ಕಿಟಕಿಯ ಪಕ್ಕ ಬುತ್ತಿಡಬ್ಬಿ ಹಿಡಿದು ಕೂತಿದ್ದ ಒಬ್ಬ ಹೆಂಗಸು ಹುಬ್ಬು ಗಂಟಿಕ್ಕಿ ಕೇಳಿದಳು:

“ಹಂಗಾರೆ ಅವ್ಳು ಈಗ ಎಲ್ಲವ್ಳೆ?”

“ಗೊತ್ತಿಲ್ಲ ತಾಯಿ. ಅದನ್ನೇ ನೀವೂ ಕೇಳಿ. ಸಿಕ್ಕಿದೋರನ್ನೆಲ್ಲ ಕೇಳಿ.”

ಕೆಳಗಿನಿಂದ ದಸ್ತಗೀರನ ಕೂಗು ಕೇಳಿತು. ಇಳಿದು ಓಡಿದೆವು. ಹೂತಿದ್ದ ಕುರ್ಚಿಯ ಕಾಲುಗಳು ಒಂದು ಉಗುರಿನಷ್ಟು ಟಾರಿನಿಂದ ಮೇಲೆ ಬಂದಿದ್ದವು.

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಇವತ್ತಿಗೂ ನನಗೆ ಬೆರಗು. ಆ ಬುತ್ತಿಡಬ್ಬಿಯ ಹೆಂಗಸು ತನ್ನೂರಿನ ಅಂಗಡಿಯಲ್ಲಿ ಗೂಬೆ ಮಾರ್ಕಿನ ಸೆಲ್ಲು ಕೈಯಲ್ಲಿ ಹಿಡಿದು, ‘ಇದ್ರೋರು ಹಿಡಕೊಂಡೋದ್ರಲ್ಲ ತಮೋರೆ, ಅವ್ಳು ಎಲ್ಲವ್ಳಪ್ಪಾ?’ ಅಂತ ಕೇಳಿದಳಂತೆ. ಅಂಗಡಿಯವನು ಸರಕು ಹಾಕುವ ಏಜೆಂಟನನ್ನು ಕೇಳಿದ. ಏಜೆಂಟ ಡಿಪೋದಲ್ಲಿ ಕೇಳಿದ. ನಕ್ಕಿದ್ದ ಬಟ್ಟೆ ವ್ಯಾಪಾರಿ ಸಂತೆ ಸಂತೆಯಲ್ಲಿ ಅದನ್ನು ತಮಾಷೆಗೆಂದು ಹೇಳಲು ಹೋಗಿ, ಹೇಳುತ್ತ ಹೇಳುತ್ತ ತಾನೇ ಗಂಭೀರನಾದ. ಅಳು ಊರಿನ ಗಡಿಯಲ್ಲೇ ಒಣಗಿ ಹೋಗುತ್ತಿತ್ತು. ಉತ್ತರ ಸಿಗದ ಪ್ರಶ್ನೆ ಹಾಗಲ್ಲ, ಗಂಟಲಿಗೆ ಸಿಕ್ಕಿದ ಮೀನಿನ ಮುಳ್ಳಿನ ಹಾಗೆ. ಇನ್ನೊಬ್ಬರನ್ನು ಕೇಳುವವರೆಗೆ ಬಿಡುವುದಿಲ್ಲ. ಸೆಲ್ಲುಗಳು ಯಾವ ದಾರಿಯಲ್ಲಿ ನಮ್ಮವರೆಗೆ ಇಳಿದು ಬಂದಿದ್ದವೋ, ಅದೇ ದಾರಿಯಲ್ಲಿ ತಮೋರೆ ಎಲ್ಲಿ ಅನ್ನುವ ಮಾತು ಡಿಪೋದಿಂದ ಬಂದರಿಗೆ, ಬಂದರಿನಿಂದ ಹಡಗಿಗೆ, ಹಡಗಿನಿಂದ ಆ ದೇಶಕ್ಕೆ ಹತ್ತಿ ಹೋಯಿತು. ಇಲ್ಲಿ ನಮ್ಮೆದುರಿಗೇ ಕುರ್ಚಿ ದಿನಾ ಇಷ್ಟಿಷ್ಟು ಮೇಲೇಳುತ್ತಿತ್ತು. ನಾವು ಹೇಳಿದ್ದು ಕೆಲವು ಬಸ್ಸುಗಳಿಗೆ. ಉಳಿದ ಭಾರವನ್ನು ಯಾರು ಯಾರೋ, ಮುಖ ಕಾಣದವರು, ಎಲ್ಲೆಲ್ಲಿಂದಲೋ ಕೈ ಕೊಟ್ಟು ಎತ್ತುತ್ತಿದ್ದರು.

ಮೇಷ್ಟ್ರು ಮಾತ್ರ ಒಂದು ಬಸ್ಸನ್ನೂ ಬಿಡಲಿಲ್ಲ. ಪ್ರತಿ ಸಲವೂ ‘ನಾನು ಹೇಳಿದ್ದು ಸುಳ್ಳು’ ಅಂತಲೇ ಶುರು ಮಾಡುತ್ತಿದ್ದರು. “ಒಂದ್ ಸಲ ಹೇಳಿದ್ರೆ ಸಾಕಲ್ಲ ಮೇಷ್ಟ್ರೇ, ಎಷ್ಟ್ ಸಲ ತಲೆ ತಗ್ಗಿಸ್ತೀರಿ?” ಅಂದೆ ಒಮ್ಮೆ. “ಅಷ್ಟೂ ಬಸ್ಸಲ್ಲಿ ಅವಳನ್ನ ಮುಳುಗ್ಸಿದೀನಲ್ಲಮ್ಮ” ಅಂದರು. ಗಂಟಲು ಒಡೆದು ಮಾತು ಪಿಸುಗುಟ್ಟುವಷ್ಟಕ್ಕೆ ಇಳಿದಿತ್ತು. ಜನ ಮುಂದಕ್ಕೆ ಬಾಗಿ ಕೇಳುತ್ತಿದ್ದರು.

ವಿಗ್ರಹ ನಿಲ್ಲಿಸುವ ದಿನ ಬಂತು. ಊರಿಗೆ ಊರೇ ಶಾಮಿಯಾನದ ಕೆಳಗೆ ಬಂದು ನೆಲದ ಮೇಲೆ ಕೂತಿತು. ನನ್ನ ಜಮಖಾನ ಸಾಲದೆ ಜನ ಮನೆಯಿಂದ ಚಾಪೆ ತಂದರು. ಬಂದ ಬಸ್ಸುಗಳು ಬಂದ ಹಾಗೇ ನಿಂತವು, ಹೊರಡಿ ಅಂತ ಯಾರೂ ಸೀಟಿ ಊದಲಿಲ್ಲ. ಅವಳು ಉಳಿಯುತ್ತಾಳೋ ಇಲ್ಲವೋ ಅನ್ನುವುದೊಂದು ಬಿಟ್ಟು ಬೇರೆ ಯೋಚನೆ ಯಾರಿಗೂ ಇರಲಿಲ್ಲ. ಸಣ್ಣಮ್ಮ ಕುರ್ಚಿಯ ಕೈ ಮೇಲೆ ತನ್ನ ಕೈಯಿಟ್ಟು ಕೂತಿದ್ದಳು.

“ಬೂಟಿನ ಸದ್ದು” ಅಂದಳು. ದಸ್ತಗೀರ ಕಣ್ಣು ಮುಚ್ಚಿ ದುವಾ ಮಾಡುತ್ತಿದ್ದ. “ಇಲ್ಲ, ತಡಿ. ಬೂಟು ನಿಂತ್ಕತ್ತು. ದೂರದಾಗೆ ಜನ... ಅವ್ವಾ, ಅದೆಷ್ಟ್ ಜನ! ಬರಿಗಾಲ ಸದ್ದು. ವಿಗ್ರಹದ ಮುಂದೆ ನಿಂತ್ಕಂಡು ಒಂದೇ ಮಾತು ಕೂಗ್ತವ್ರೆ.” ಅವಳು ಕಣ್ಣು ತೆರೆದು ನಮ್ಮನ್ನೆಲ್ಲ ನೋಡಿದಳು. “ತಮೋರೆ ಎಲ್ಲಿ, ತಮೋರೆ ಎಲ್ಲಿ ಅಂತ.”

ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ನನಗೆ ಗೊತ್ತಿಲ್ಲ. ಹಠಾತ್ತಾಗಿ ಕುರ್ಚಿಯ ಎರಡೂ ಕೈಗಳು ಕೆಳಕ್ಕೆ ಬಾಗಿದವು, ಕೂತು ಕೂತು ಮೈ ಹಿಡಿದವರು ಎರಡೂ ಕೈ ಊರಿ ಏಳುವಾಗ ಬಾಗುವ ಹಾಗೆ. ಸಣ್ಣಮ್ಮ ಬೆಚ್ಚಿ ತನ್ನ ಕೈ ಹಿಂದೆಗೆದಳು. ಬಾಗಿದ ಕೈಗಳು ಟಕ್ ಅಂತ ಮೇಲೆ ಬಂದವು. ಕುರ್ಚಿ ಹಗುರವಾಗಿ ಒಮ್ಮೆ ಹಿಂದಕ್ಕೆ ಜೋಲಿ ಹೊಡೆದು ನಿಂತಿತು.

ಅದುವರೆಗೆ ಬಂದ ಅತಿಥಿಗಳಲ್ಲಿ ಯಾರೂ ಎದ್ದದ್ದನ್ನು ನಮ್ಮೂರು ಕಂಡಿರಲಿಲ್ಲ. ಅವರು ಕರಗಿ ಹೋಗುತ್ತಿದ್ದರು, ಒಂದು ದಿನ ಎತ್ತಿದರೆ ಕುರ್ಚಿ ಬರುತ್ತಿತ್ತು, ಅಷ್ಟೇ. ಇವಳು ಎದ್ದಳು. ಮೊದಲು ಮೇಷ್ಟ್ರು, ಆಮೇಲೆ ನಾವೆಲ್ಲ, ಬಸ್ಸಿನೊಳಗೆ ಕೂತಿದ್ದವರೂ ಕೂಡ, ದೊಡ್ಡವರು ಎದ್ದಾಗ ಏಳುವ ಹಾಗೆ ಎದ್ದು ನಿಂತೆವು. ನಾನು ಅಳುತ್ತಿದ್ದೆ, ನಾಚಿಕೆಯಾಗಲಿಲ್ಲ.

ಪೇಪರಿನವರು ಕೊನೆಗೆ ಬರೆದರು. ಮುಳುಗಿದ್ದಳೆನ್ನಲಾದ ಮಹಿಳೆ ಜೀವಂತವಾಗಿ ಪತ್ತೆಯಾಗಿದ್ದಾಳೆ, ಸರ್ಕಾರಕ್ಕೆ ಸಂತೋಷವಾಗಿದೆ, ಕಂಪನಿಗೆ ಆಶ್ಚರ್ಯವಾಗಿದೆ ಅಂತ. ಕೆರೆಯ ಹೊಲಸಿನ ಬಗ್ಗೆ ಒಂದಕ್ಷರವಿಲ್ಲ. ಅದಿನ್ನೂ ಹರಿಯುತ್ತಿದೆ, ನಾವೂ ಇನ್ನೂ ಬಸ್ಸು ಹತ್ತುತ್ತಿದ್ದೇವೆ.

ಕುರ್ಚಿಯನ್ನು ಉಳಿದವುಗಳ ಜೊತೆ ಪೇರಿಸುವ ದಿನ ಮೇಷ್ಟ್ರನ್ನು ಕರೆಸಿದೆ. ಎದ್ದುಹೋದವರು ಕೂತಿದ್ದ ಜಾಗ ಸ್ವಲ್ಪ ಹೊತ್ತು ಬೆಚ್ಚಗಿರುತ್ತದಲ್ಲ, ಆ ಬಿಸುಪು ಅದರಲ್ಲಿ ಇನ್ನೂ ಇತ್ತು. “ಒಂದ್ ಸಲ ಕೈಯಿಡಿ ಮೇಷ್ಟ್ರೇ, ರೂಢಿ ಹೆಂಗೂ ಮುರಿದಾಗಿದೆ” ಅಂದೆ. ಅವರು ಅಂಗೈ ಇಟ್ಟು ಕಣ್ಣು ಮುಚ್ಚಿದರು. ಇನ್ನೊಂದು ತೋಳು ಮೆಲ್ಲಗೆ ಮುಂದಕ್ಕೆ, ಹಿಂದಕ್ಕೆ, ಮುಂದಕ್ಕೆ ಆಡತೊಡಗಿತು. ಅದು ಅಭಿನಯ ಆಗಿರಲಿಲ್ಲ.

“ದಡ ಮುಟ್ಟಿದ್ಲು” ಅಂದರು, ಅದೇ ಪಿಸುದನಿಯಲ್ಲಿ. “ಮಕ್ಕಳು ಕಾಯ್ತಾ ನಿಂತವೆ. ದೋಣಿ ಹಗ್ಗ ಕಟ್ತಾ ಇದ್ದಾಳೆ.”

“ಎಲ್ಲಿಗೆ?”

ಮೇಷ್ಟ್ರ ಮುಖದಲ್ಲಿ ನಗು ಹರಡಿತು.

“ಅವಳ ವಿಗ್ರಹ ನಿಲ್ಸಿದ್ರಲ್ಲಮ್ಮ, ಅದರ ಕಾಲಿಗೆ.”